ಹೆರಿಗೆ ವಾರ್ಡಿನ ಕನ್ನಡ

ಮೊದಲ ದಿನವೇ ಸಿಸ್ಟರ್ ತಾವು ಕಲಿತ ಕನ್ನಡವನ್ನು ಬೆರಳು ಮಡಿಸುತ್ತ ನನಗೆ ಒಪ್ಪಿಸಿದರು. “ಪಾನಿ. ಖಾನಾ. ಬೈಠೋ. ಉಠೋ. ದರ್ದ್. ಬಚ್ಚಾ.” ಹೇಳಿ ಮುಗಿಸಿ, ಒಂದೂ ತಪ್ಪಿಲ್ಲ ತಾನೆ ಎಂಬಂತೆ ನನ್ನ ಮುಖ ನೋಡಿದರು.

ಇದನ್ನೆಲ್ಲ ಯಾರು ಹೇಳಿಕೊಟ್ಟರು ಎಂದು ಇಂಗ್ಲಿಷಿನಲ್ಲಿ ಕೇಳಿದೆ. ವಾರ್ಡಿನಲ್ಲಿ ಬಾಣಂತಿಯರ ಜೊತೆಗಿರುವ ಹೆಂಗಸರು, ಆಯಾ, ಕೆಳಗಿನ ಔಷಧಿ ಅಂಗಡಿಯವರು, ಎಲ್ಲರೂ ಎಂದರು. “ಈ ಊರಿನವರು ಬಹಳ ಒಳ್ಳೆಯವರು ಮೇಡಂ. ನನಗೆ ಅರ್ಥವಾಗಲಿ ಅಂತ ನಿಧಾನವಾಗಿ, ಕೈಸನ್ನೆ ಮಾಡಿ ಹೇಳುತ್ತಾರೆ.” ಅವರು ಒಪ್ಪಿಸಿದ್ದರಲ್ಲಿ ಒಂದೇ ಒಂದು ಕನ್ನಡ ಪದ ಇರಲಿಲ್ಲ, ಎಲ್ಲವೂ ಹಿಂದಿ. ಹಾಗೆಂದು ಹೇಳಿದಾಗ ಮಡಿಸಿದ ಬೆರಳುಗಳನ್ನು ಒಂದೊಂದಾಗಿ ಬಿಚ್ಚಿ ಕೈಯನ್ನು ಮೇಜಿನ ಕೆಳಗೆ ಇಟ್ಟುಕೊಂಡರು. ನನಗೆ ಮೈಯೆಲ್ಲ ಉರಿದುಹೋಯಿತು. ಸಿಟ್ಟು ಅವರ ಮೇಲಲ್ಲ, ನಮ್ಮವರ ಮೇಲೆ.

ಸಿಸ್ಟರ್ ಮಿಜೋರಾಮಿನ ಗುಡ್ಡದ ಊರಿನವರು. ಅವರ ಮನೆಮಾತು ಬೇರೆ, ಓದಿದ್ದು ಇಂಗ್ಲಿಷಿನಲ್ಲಿ. ಹಿಂದಿ ಅವರಿಗೆ ನಮ್ಮ ಹಳ್ಳಿಯ ಅಜ್ಜಿಯರಿಗೆ ಬರುವಷ್ಟೇ ಬರುತ್ತಿತ್ತು, ಅಂದರೆ ಬರುತ್ತಿರಲಿಲ್ಲ. ಆದರೆ ಆ ಮುಖ ಕಂಡ ತಿಪಟೂರಿನವರಿಗೆ ಒಂದೇ ಲೆಕ್ಕ. ಹೊರಗಿನವರು, ಅಂದಮೇಲೆ ಹಿಂದಿಯವರು. ಹಿಂದಿ ಬಾರದ ಹೆಂಗಸಿಗೆ ಹಿಂದಿ ಬಾರದ ಜನ ಸೇರಿಕೊಂಡು ಹಿಂದಿ ಕಲಿಸುತ್ತಿದ್ದರು. ಆಕೆ ಪಾಪ ಅದನ್ನೇ ಕನ್ನಡವೆಂದು ನಂಬಿ ಹಾಸ್ಟೆಲಿನ ಕೋಣೆಯಲ್ಲಿ ಬಾಯಿಪಾಠ ಮಾಡುತ್ತಿದ್ದರು.

ನನ್ನನ್ನು ಕರೆಸಿದ್ದು ಆ ನರ್ಸಿಂಗ್ ಹೋಮ್ ನಡೆಸುವ ಡಾಕ್ಟರಮ್ಮ. ನಾನು ಅಲ್ಲೇ ಹತ್ತಿರದ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಮಧ್ಯಾಹ್ನ ತರಗತಿ ಮುಗಿದ ಮೇಲೆ ದಬ್ಬೇಘಟ್ಟದ ಕಡೆಯ ನನ್ನ ಬಸ್ಸಿಗೆ ಇನ್ನೂ ಹೊತ್ತಿರುತ್ತದೆ, ಆ ಹೊತ್ತಿನಲ್ಲಿ ಸಿಸ್ಟರಿಗೆ ಪಾಠ ಹೇಳಬೇಕೆಂದು ಕೇಳಿದರು. ಸಿಸ್ಟರ್ ಹೆರಿಗೆ ಮಾಡಿಸುವುದರಲ್ಲಿ ತರಬೇತಾದವರು, ತಮ್ಮೂರಿನಲ್ಲಿ ಆ ಕೆಲಸದಲ್ಲೇ ಪಳಗಿದವರು. ಇಲ್ಲಿ ಅವರಿಗೆ ಬಿ.ಪಿ. ನೋಡುವ, ಹಾಸಿಗೆಯ ಬಟ್ಟೆ ಬದಲಿಸುವ ಕೆಲಸ ಕೊಟ್ಟಿದ್ದರು.

“ಹೆರಿಗೆ ಕೋಣೇಲಿ ಕೈ ಎಷ್ಟು ಮುಖ್ಯವೋ ಬಾಯಿನೂ ಅಷ್ಟೇ ಮುಖ್ಯ ಕಣ್ರೀ,” ಎಂದರು ಡಾಕ್ಟರಮ್ಮ. “ನೋವು ತಿನ್ನೋಳಿಗೆ ಧೈರ್ಯ ಹೇಳ್ಬೇಕು, ಬೈಬೇಕು, ಅವಳು ಏನಂತಾಳೆ ಕೇಳಿಸ್ಕೋಬೇಕು. ಅವಾಗ ಇಂಗ್ಲಿಷ್ ಮಾತಾಡ್ತಾ ನಿಂತ್ರೆ ಆಗುತ್ತಾ? ದೀಪಾವಳಿ ತನಕ ನೋಡ್ತೀನಿ. ಅಷ್ಟರಲ್ಲಿ ಕನ್ನಡ ಬರ್ಲಿಲ್ಲ ಅಂದ್ರೆ ವಾಪಸ್ ಕಳ್ಸದೆ ನಂಗೆ ಬೇರೆ ದಾರಿ ಇಲ್ಲ.”

ಸಿಸ್ಟರಿಗೂ ಇದು ಗೊತ್ತಿತ್ತು. “ಬಿ.ಪಿ. ನೋಡುವುದಕ್ಕೆ ನಾನು ಇಷ್ಟು ದೂರ ಬರಲಿಲ್ಲ ಮೇಡಂ,” ಎಂದು ನನಗೆ ಹೇಳಿದ್ದರು. ಹೆರಿಗೆ ಕೋಣೆಯ ಬಾಗಿಲ ಮುಂದೆ ಹಾದುಹೋಗುವಾಗ ಒಂದು ಗಳಿಗೆ ನಿಂತು ಒಳಗಿನ ಸದ್ದು ಕೇಳಿಸಿಕೊಂಡು ಮುಂದೆ ಹೋಗುತ್ತಿದ್ದರು. ಅದನ್ನು ನಾನೇ ಕಂಡಿದ್ದೇನೆ.

ಪಾಠ ಹೇಗೆ ನಡೆಯಬೇಕೆಂದು ನಿರ್ಧರಿಸುವ ಅಧಿಕಾರವನ್ನು ಮಾತ್ರ ಮ್ಯಾನೇಜರ್ ವಹಿಸಿಕೊಂಡರು. ಇವರು ಚಿಕ್ಕನಾಯಕನಹಳ್ಳಿಯವರು, ಮನೆಯಲ್ಲಿ ಕನ್ನಡ ಬಿಟ್ಟು ಬೇರೆ ಮಾತಿಲ್ಲ. ನವೆಂಬರ್ ತಿಂಗಳು ಬಂದರೆ ಹೆಗಲಿಗೆ ಕೆಂಪು ಹಳದಿ ಶಾಲು ಬರುತ್ತದೆ. ‘ಕರ್ನಾಟಕದ ಅನ್ನ ತಿನ್ನುವವರು ಕನ್ನಡ ಕಲಿಯಲೇಬೇಕು’ ಎಂದು ಸಿಬ್ಬಂದಿಯ ವಾಟ್ಸಾಪ್ ಗುಂಪಿಗೆ ವರ್ಷವಿಡೀ ಹಾಕುತ್ತಿರುತ್ತಾರೆ. ಅವರು ಸಿಸ್ಟರ್ ಕೈಗೆ ಕೊಟ್ಟಿದ್ದ ಪುಸ್ತಕ ಕನ್ನಡವನ್ನು ಹಿಂದಿಯ ಮೂಲಕ ಕಲಿಸುವಂಥದ್ದು. ಆಕೆಗೆ ಹಿಂದಿ ಬರುವುದಿಲ್ಲ ಎಂದು ನಾನು ಹೇಳಿದಾಗ ಅವರು ನಂಬಲೇ ಇಲ್ಲ.

“ಬರದೇ ಏನ್ರೀ ಮೇಡಂ? ಆ ಕಡೆಯವ್ರಿಗೆಲ್ಲ ಬರ್ತದೆ, ಸುಮ್ನೆ ನಾಚ್ಕೊಳ್ತಾರೆ ಅಷ್ಟೇ,” ಎಂದರು. ವಿಭಕ್ತಿ ಪ್ರತ್ಯಯ, ಕಾಲಗಳು, ಲಿಂಗ, ವಚನ ಎಲ್ಲ ಆಗಬೇಕೆಂದೂ, ದೀಪಾವಳಿಗೆ ಮೊದಲು ತಾವೇ ಪರೀಕ್ಷೆ ಮಾಡುವುದಾಗಿಯೂ ಹೇಳಿದರು.

ಪರೀಕ್ಷೆ ಅವರ ಕೈಯಲ್ಲಿದ್ದುದರಿಂದ ಅವರು ಹೇಳಿದಂತೆ ಶುರುಮಾಡಿದೆ. ಪುಸ್ತಕವನ್ನು ಪಕ್ಕಕ್ಕಿಟ್ಟು ಇಂಗ್ಲಿಷಿನಲ್ಲೇ ವ್ಯಾಕರಣ ವಿವರಿಸಿದೆ. ಸಿಸ್ಟರ್ ಓದುವುದರಲ್ಲಿ ಗಟ್ಟಿಗರು. ಕೆಲವೇ ದಿನಗಳಲ್ಲಿ ಮರವು, ಮರವನ್ನು, ಮರದಿಂದ, ಮರಕ್ಕೆ ಎಂದು ಮಗ್ಗಿ ಹೇಳಿದಂತೆ ಗಡಗಡನೆ ಹೇಳತೊಡಗಿದರು. ‘ನೀರು ಬೇಕೇ ಎಂದು ಕೇಳಿ’ ಎಂದರೆ ಮಾತ್ರ ಮೇಲೆ ನೋಡುತ್ತಿದ್ದರು. ಮೊದಲು ಇಂಗ್ಲಿಷಿನಲ್ಲಿ ವಾಕ್ಯ, ಆಮೇಲೆ ಅದರ ಒಂದೊಂದು ಪದಕ್ಕೂ ಕನ್ನಡ, ಆಮೇಲೆ ಪ್ರತ್ಯಯ, ಆಮೇಲೆ ಕ್ರಿಯಾಪದವನ್ನು ಎತ್ತಿ ಕೊನೆಗೆ ಹಾಕುವುದು. ಇಷ್ಟೆಲ್ಲ ಆಗಿ ಮಾತು ಹೊರಬರುವಷ್ಟರಲ್ಲಿ ಬಾಯಾರಿದವಳು ತಾನೇ ಎದ್ದು ನೀರು ಕುಡಿದಿರುತ್ತಾಳೆ.

ಒಂದು ದಿನ ಅವರು ಹೇಳಿದ ಮಾತು ನನ್ನ ತಲೆಯಲ್ಲಿ ಕೂತಿತು. ಅವರ ಮನೆಮಾತಿನಲ್ಲೂ ಕ್ರಿಯಾಪದ ಕೊನೆಗೇ ಬರುತ್ತದಂತೆ. ‘ಅನ್ನ ತಿಂದೆ’ ಎನ್ನುವ ಕ್ರಮ ಅವರಿಗೆ ಹುಟ್ಟಿನಿಂದಲೇ ಗೊತ್ತು. ಅದನ್ನು ಇಂಗ್ಲಿಷಿಗೆ ತಿರುಗಿಸಿ, ಅಲ್ಲಿಂದ ಮತ್ತೆ ಕನ್ನಡಕ್ಕೆ ತಿರುಗಿಸುವ ಕಷ್ಟವನ್ನು ನಾವು ತಂದಿಟ್ಟಿದ್ದೆವು. ಕೊಂಕಣ ಸುತ್ತಿ ಮೈಲಾರಕ್ಕೆ ಹೋಗುವುದು ಎಂದರೆ ಇದೇ. ಆದರೂ ಬರಿಯ ವ್ಯಾಕರಣದ ಮೇಲೆ ತಪ್ಪು ಹೊರಿಸಿ ಸುಮ್ಮನಾಗುವಂತಿರಲಿಲ್ಲ. ಪಾಠದ ಕೋಣೆಯಿಂದ ಹೊರಗೆ ಹೋದಮೇಲೆ ಈಕೆಗೆ ಏನಾಗುತ್ತದೆ ಎಂದು ನೋಡಬೇಕೆನ್ನಿಸಿ, ಡಾಕ್ಟರಮ್ಮನ ಒಪ್ಪಿಗೆ ಪಡೆದು ಒಂದು ಮಧ್ಯಾಹ್ನ ವಾರ್ಡಿಗೆ ಹೋಗಿ ಮೂಲೆಯ ಸ್ಟೂಲಿನ ಮೇಲೆ ಕೂತೆ.

ಮಹಡಿಯ ಮೇಲಿನ ಉದ್ದನೆಯ ಕೋಣೆ. ಮಂಚದ ಮೇಲೆ ಬಾಣಂತಿ, ಪಕ್ಕದಲ್ಲಿ ಮಗು, ಕೆಳಗೆ ಚಾಪೆ ಹಾಸಿಕೊಂಡು ತಾಯಿಯೋ ಅತ್ತೆಯೋ ಅಜ್ಜಿಯೋ. ಕಿಟಕಿಯ ಪಕ್ಕದ ಮಂಚದ ಕೆಳಗೆ ಹೊನ್ನವಳ್ಳಿಯ ಒಬ್ಬ ಅಜ್ಜಿ ಬೀಡುಬಿಟ್ಟಿದ್ದರು. ಮೊಮ್ಮಗಳಿಗೆ ತಿಂಗಳು ತುಂಬುವ ಮೊದಲೇ ಹೆರಿಗೆಯಾಗಿ, ಮಗುವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದರು. ಅದು ತೂಕ ಕಟ್ಟುವ ತನಕ ಇವರೂ ಮನೆಗೆ ಹೋಗುವಂತಿರಲಿಲ್ಲ. ಬಾಯಿಗೆ ಬಿಡುವಿಲ್ಲದ ಅಜ್ಜಿ. ಕಾಯಿ ಕೆಡವುವವನು ಕೈಕೊಟ್ಟದ್ದು, ಬೋರ್‌ವೆಲ್ ಮೋಟರು ಸುಟ್ಟಿದ್ದು, ಎರಡನೇ ಸೊಸೆ ಸಾರಿಗೆ ಹುಳಿ ಹಾಕುವ ಅಳತೆ, ಎಲ್ಲವೂ ಇಡೀ ವಾರ್ಡಿಗೆ ಗೊತ್ತಿತ್ತು.

ಸಿಸ್ಟರ್ ಬಂದರು. ಅಜ್ಜಿಯ ಮಾತು ನಿಂತಿತು. ಸಿಸ್ಟರ್ ಮೊಮ್ಮಗಳ ತೋಳಿಗೆ ಬಿ.ಪಿ. ಪಟ್ಟಿ ಸುತ್ತುತ್ತ, ನಾನು ಹೇಳಿಕೊಟ್ಟಂತೆ, ಒಂದೂ ತಪ್ಪಿಲ್ಲದೆ ಕೇಳಿದರು. “ನೀವು ಊಟವನ್ನು ಮಾಡಿದಿರಾ?”

ಅಜ್ಜಿ ಕಣ್ಣರಳಿಸಿದರು. ಆಮೇಲೆ ಕಿವುಡರ ಹತ್ತಿರ ಮಾತಾಡುವಂತೆ ಗಂಟಲೆತ್ತಿ, “ಖಾನಾ... ಖಾನಾ ಆಯ್ತು! ಬೋತ್ ಅಚ್ಛಾ!” ಎಂದು ಕೈಯನ್ನು ಬಾಯಿಗೆ ಒಯ್ದು ತೋರಿಸಿದರು.

ಪಕ್ಕದ ಮಂಚದ ಹೆಂಗಸು ಸುಮ್ಮನಿರಬೇಡವೇ? “ಎಷ್ಟ್ ಚೆಂದಾಗಿ ಕನ್ನಡ ಮಾತಾಡ್ತದೆ ನೋಡ್ರೇ! ಇನ್ನೊಂದ್ ಕಿತ ಅನ್ನವ್ವಾ, ಊಟವನ್ನೂ...” ಎಂದಳು. ಇಡೀ ವಾರ್ಡು ನಕ್ಕಿತು. ಯಾರ ನಗುವಿನಲ್ಲೂ ಕೆಟ್ಟದ್ದಿರಲಿಲ್ಲ. ಪಂಜರದ ಗಿಣಿ ‘ರಾಮ ರಾಮ’ ಎಂದಾಗ ನಗುವುದಿಲ್ಲವೇ, ಹಾಗೆ ನಕ್ಕರು. ಸಿಸ್ಟರ್ ಕತ್ತಿನವರೆಗೂ ಕೆಂಪಾಗಿ, ಪಟ್ಟಿ ಬಿಚ್ಚಿಕೊಂಡು ಮುಂದಿನ ಮಂಚಕ್ಕೆ ಹೋದರು. ಅಲ್ಲಿಂದ ಕೊನೆಯ ಮಂಚದವರೆಗೂ ಅವರ ಬಾಯಿಂದ ಒಂದು ಮಾತೂ ಬರಲಿಲ್ಲ.

ಅವರು ಬಾಗಿಲು ದಾಟಿದ್ದೇ ತಡ, ಪಕ್ಕದ ಹೆಂಗಸು ಅಜ್ಜಿಗೆ ಹೇಳಿದಳು. “ಇವು ಬತ್ತಾವೆ ಇಲ್ಲಿಗೆ ದುಡಿಯಾಕೆ, ಕನ್ನಡ ಮಾತ್ರ ಕಲಿಯಾಕಿಲ್ಲ ನೋಡಿ.”

ನನಗೆ ಪಿತ್ತ ನೆತ್ತಿಗೇರಿತು. ಅಲ್ಲ, ಈಗತಾನೆ ಆಕೆ ಮಾತಾಡಿದ್ದು ಏನು? ಕನ್ನಡದಲ್ಲಿ ಕೇಳಿದವರಿಗೆ ಹಿಂದಿಯಲ್ಲಿ ಉತ್ತರ ಕೊಡುವವರೂ ನಾವೇ, ಕನ್ನಡ ಕಲಿಯುವುದಿಲ್ಲ ಎಂದು ಬೈಯುವವರೂ ನಾವೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ. ಉಪಕಾರ ಮಾಡುತ್ತಿದ್ದೇವೆ ಎಂದುಕೊಂಡು, ಬಾಯಿ ಬಿಟ್ಟವರ ಬಾಯಿಯನ್ನು ನಾವೇ ಮುಚ್ಚಿಸುತ್ತೇವೆ. ಆಮೇಲೆ ಭಾಷೆ ಸಾಯುತ್ತಿದೆ ಎಂದು ಎದೆ ಬಡಿದುಕೊಳ್ಳುತ್ತೇವೆ.

ಮಾರನೆಯ ದಿನ ಸಿಸ್ಟರ್ ಪಾಠಕ್ಕೆ ಬಂದರೂ ಬಾಯಿ ತೆರೆಯಲಿಲ್ಲ. ಬರೆಯಲು ಕೊಟ್ಟರೆ ಬರೆದರು, ಮಾತಾಡಿ ಎಂದರೆ ಇಂಗ್ಲಿಷು. ಹೀಗೇ ಹಲವು ದಿನ ಹೋಯಿತು. ಕೊನೆಗೊಂದು ದಿನ, “ನಾನು ಮಾತಾಡಿದರೆ ನಗುತ್ತಾರೆ, ಮಾತಾಡದಿದ್ದರೆ ವಾಪಸ್ ಕಳಿಸುತ್ತಾರೆ. ನೀವೇ ಹೇಳಿ ಮೇಡಂ, ಯಾವುದು ಮಾಡಲಿ?” ಎಂದು ಕೇಳಿದರು. ಕಣ್ಣಲ್ಲಿ ನೀರಿತ್ತು, ಆದರೆ ದನಿಯಲ್ಲಿ ಇದ್ದದ್ದು ಸಿಟ್ಟು. ಆ ಸಿಟ್ಟು ಕಂಡು ನನಗೆ ಸಮಾಧಾನವೇ ಆಯಿತು. ಇನ್ನೂ ಸೋತಿಲ್ಲ ಎಂದುಕೊಂಡೆ.

ಅಂದೇ ಡಾಕ್ಟರಮ್ಮನ ಕೋಣೆಗೆ ನುಗ್ಗಿದೆ. ನಾಳೆಯಿಂದ ನಾನು ಪಾಠ ಮಾಡುವುದಿಲ್ಲ, ಪಾಠದ ಹೊತ್ತಿನಲ್ಲಿ ಸಿಸ್ಟರ್ ವಾರ್ಡಿನ ಚಾಪೆಯ ಮೇಲೆ ಕೂತಿರಲಿ ಎಂದೆ. ಅಲ್ಲಿ ಯಾರೂ ಅವರ ಹತ್ತಿರ ಹಿಂದಿ ಆಡಕೂಡದು. ಮಾತನ್ನು ತುಂಡು ಮಾಡಿ, ಗಂಟಲೆತ್ತಿ ಹೇಳಕೂಡದು. ಮನೆಯಲ್ಲಿ ಸೊಸೆಗೆ, ಮಗಳಿಗೆ ಹೇಳುವಂತೆ ಇಡೀ ಮಾತು ಹೇಳಬೇಕು. ಸಿಸ್ಟರ್ ಬಾಯಿ ಬಿಡಲೇಬೇಕೆಂದಿಲ್ಲ, ಕೇಳಿಸಿಕೊಂಡು ಹೇಳಿದ್ದನ್ನು ಮಾಡಿದರೆ ಸಾಕು. ತಾವಾಗಿಯೇ ಮಾತಾಡಿದಾಗ ಯಾರೂ ನಗಕೂಡದು, ತಿದ್ದಲೂಬಾರದು.

“ತಿದ್ದದೇ ಇದ್ರೆ ವ್ಯಾಕರಣ ಹೇಗ್ರೀ ಬರುತ್ತೆ?” ಎಂದರು ಡಾಕ್ಟರಮ್ಮ.

“ನಿಮ್ಗೆ ಕನ್ನಡ ವ್ಯಾಕರಣ ಯಾರು ಹೇಳ್ಕೊಟ್ರು ಮೇಡಂ?”

“ನಾನು ಹುಟ್ಟಿದ್ದೇ ಇಲ್ಲಿ. ಆಕೆಗೆ ವಯಸ್ಸಾಗಿದೆ.”

“ವಯಸ್ಸಾಗಿದೆ, ಅದಕ್ಕೇ ತಡ ಆಗುತ್ತೆ. ಮಗುವಿನ ಹಾಗೆ ಬರಲ್ಲ, ಒಪ್ತೀನಿ. ಬೇಕಾದಾಗ ನಾನು ಬಿಡಿಸಿ ಹೇಳ್ತೀನಿ. ಆದ್ರೆ ಕಿವಿಗೆ ಬೀಳದ ಮಾತು ಬಾಯಿಗೆ ಎಲ್ಲಿಂದ ಬರ್ಬೇಕು? ನೀರಿಗಿಳಿಸದೇ ಈಜು ಪರೀಕ್ಷೆ ಮಾಡ್ತೀವಿ ಅಂತಿದ್ದೀರಿ.” ನನ್ನ ದನಿ ಜೋರಾಗಿತ್ತೆಂದು ಕಾಣುತ್ತದೆ, ಹೊರಗಿದ್ದ ಆಯಾ ಬಾಗಿಲಲ್ಲಿ ಇಣುಕಿದಳು. ಡಾಕ್ಟರಮ್ಮ ಒಪ್ಪಿದರು. ದೀಪಾವಳಿಯ ಗಡುವನ್ನು ಮಾತ್ರ ಸಡಿಲಿಸಲಿಲ್ಲ.

ವಾರ್ಡಿನಲ್ಲಿ ಈ ಕಟ್ಟಳೆಗಳನ್ನು ಹೇಳಿದಾಗ ಅಜ್ಜಿಗೆ ಬೇಜಾರಾಯಿತು. “ಪಾಪ, ಆ ಮಗೀಗೆ ತಿಳೀಲಿ ಅಂತ ನಾವು ಒದ್ದಾಡಿದ್ರೆ ನಮ್ಮನ್ನೇ ಬೈತೀರಲ್ಲ ಟೀಚರಮ್ಮ.”

“ಅಜ್ಜೀ, ನಿಮ್ ಮೊಮ್ಮಗಳಿಗೆ ಮಾತು ಬರೋ ಮುಂಚೆ ಅವಳ ಹತ್ರ ಯಾವ ಭಾಷೆ ಆಡ್ತಿದ್ರಿ? ಅರ್ಥ ಆಗಲ್ಲ ಅಂತ ಹಿಂದಿ ಆಡಿದ್ರಾ?”

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಬಾಯಿ ಜೋರೈತೆ ಕಣವ್ವಾ ನಿಂಗೆ,” ಎಂದು ಚಾಪೆಯ ಮೇಲೆ ಸರಿದು ಜಾಗ ಬಿಟ್ಟರು. “ಬಾರವ್ವಾ ಸಿಸ್ಟರಮ್ಮ. ಕುಂತ್ಕೋ. ಆ ಡಬ್ಬ ತಗೊಂಡು ಈ ಕಡೀಕೆ ಮಡಗು.”

ಡಬ್ಬದಲ್ಲಿದ್ದದ್ದು ಬಾಣಂತಿಗೆಂದು ಮನೆಯಿಂದ ತಂದ ಕೊಬ್ಬರಿ, ಬೆಲ್ಲ, ತಿನ್ನುವ ಅಂಟು. ಸಿಸ್ಟರಿಗೆ ‘ಮಡಗು’ ಎಂದರೇನೆಂದು ಗೊತ್ತಿರಲಿಲ್ಲ. ಡಬ್ಬ ತೆರೆದರು. “ಅಂಗಲ್ಲ ಕಣವ್ವಾ, ತೆಗೀಬ್ಯಾಡ, ಅಂಗೇ ಇಲ್ಲಿ ಮಡಗು.” ಎರಡನೇ ಸಲ ಸರಿಯಾಗಿ ಇಟ್ಟರು. ಅಲ್ಲಿಂದ ಶುರುವಾಯಿತು. ಕೊಬ್ಬರಿ ಸಣ್ಣಗೆ ಹೆಚ್ಚು, ಬೆಲ್ಲ ಕುಟ್ಟು, ಕಿಟಕಿ ಹಾಕು ಗಾಳಿ ಬತ್ತದೆ, ಆ ಪಕ್ಕದ ಮಂಚದ ಮಗೀನ ತಲೆ ಎತ್ತಿ ಹಿಡಿ, ಅಂಗಲ್ಲ ಇಂಗೆ. ಕೆಲಸ ಹೇಳುವುದರ ನಡುನಡುವೆ ಮೋಟರಿನ ಕಥೆ, ಸೊಸೆಯ ಸಾರಿನ ಕಥೆ. ನಾನು ಪಕ್ಕದಲ್ಲಿ ಕೂತು, ಯಾರ ಬಾಯಲ್ಲಾದರೂ ‘ಪಾನಿ’ ಎಂದು ಬಂದರೆ ಕಣ್ಣು ಕೆಂಪು ಮಾಡುತ್ತಿದ್ದೆ. ಬರುತ್ತಲೇ ಇತ್ತು. ಸಿಸ್ಟರ್ ಮುಖ ಕಂಡ ತಕ್ಷಣ ನಾಲಿಗೆ ತಾನಾಗಿ ಹೊರಳಿಬಿಡುತ್ತಿತ್ತು. ಅದನ್ನು ಬಿಡಿಸಲು ನಾನು ಪಟ್ಟ ಪಾಡು ಸಿಸ್ಟರಿಗೆ ಕನ್ನಡ ಕಲಿಸುವುದಕ್ಕಿಂತ ದೊಡ್ಡದು. ಕೆಲವು ದಿನಗಳಲ್ಲಿ ಅಜ್ಜಿಯೇ ಕಾವಲಿಗೆ ನಿಂತರು. ಹೊಸದಾಗಿ ಬಂದ ಬಾಣಂತಿಯ ಕಡೆಯವರಿಗೆಲ್ಲ ಮೊದಲೇ ಹೇಳಿಬಿಡುತ್ತಿದ್ದರು. “ಇಲ್ಲಿ ಹಿಂದಿ ಗಿಂದಿ ಆಡಂಗಿಲ್ಲ ಕಣ್ರವ್ವಾ. ಆ ಟೀಚರಮ್ಮ ಉಗೀತಾರೆ.”

ಸಿಸ್ಟರ್ ಬಹಳ ದಿನ ಬಾಯಿ ಬಿಡಲಿಲ್ಲ. ಕೇಳುತ್ತಿದ್ದರು, ಮಾಡುತ್ತಿದ್ದರು. ನನಗೂ ಒಳಗೊಳಗೇ ದಿಗಿಲು. ಒಮ್ಮೆ ಮ್ಯಾನೇಜರ್ ಮೇಲೆ ಬಂದು ಚಾಪೆಯ ಮೇಲೆ ಕೂತು ಬೆಲ್ಲ ಕುಟ್ಟುತ್ತಿದ್ದ ಸಿಸ್ಟರನ್ನು ಕಂಡು ಕೆಂಡವಾದರು. “ಇದೇನು ಮೇಡಂ, ಕ್ಲಾಸಾ, ಮದುವೆ ಮನೇನಾ? ಇಷ್ಟ್ ದಿನದಲ್ಲಿ ಏನು ಬಂತು? ಒಂದು ಸೆಂಟೆನ್ಸ್ ಹೇಳ್ಲಿ ನೋಡೋಣ.” ಆಮೇಲೆ ಸಿಸ್ಟರ್ ಕಡೆ ತಿರುಗಿ, “ಬೋಲೋ ಬೋಲೋ, ಕನ್ನಡಾ ಮೇ ಬೋಲೋ,” ಎಂದರು.

ನಾನು ಉತ್ತರ ಕೊಡುವ ಮೊದಲೇ ಅಜ್ಜಿ ಎಲೆ ಅಡಿಕೆಯನ್ನು ಒಂದು ದವಡೆಗೆ ಸರಿಸಿ ಹೇಳಿದರು. “ಅಲ್ಲಾ ಕಣಪ್ಪಾ, ಅಟ್ಟದ ಮ್ಯಾಲೆ ಹಾಕಿರೋ ಕಾಯ್ನ ದಿನಾ ಒಂದೊಂದ್ ಒಡ್ದು ನೋಡ್ತಾ ಕುಂತ್ರೆ ಕೊಬ್ಬರಿ ಯಾವಾಗ್ ಆಗೋದು? ನೀರು ಇಂಗ್ಬೇಕು. ಇಂಗಿದ ಮ್ಯಾಲೆ ಅದೇ ಗಡಗಡ ಅಂತದೆ. ಸುಮ್ಕಿರು.” ಮ್ಯಾನೇಜರ್ ತಾವೂ ಕೊಬ್ಬರಿ ಬೆಳೆಯುವ ಮನೆಯವರೇ ಆದ್ದರಿಂದ ಆ ಮಾತಿಗೆ ತಲೆಯಾಡಿಸಿ ಮೆಟ್ಟಿಲಿಳಿದು ಹೋದರು.

ಮಳೆ ಹಿಂದೆ ಸರಿಯುವ ಹೊತ್ತಿಗೆ ಸಿಸ್ಟರ್ ತಾವಾಗಿ ಮಾತು ಶುರುಮಾಡಿದರು. ಮೊದಮೊದಲು ಎಲ್ಲರೂ ‘ಬಂತು’, ಎಲ್ಲರೂ ‘ಹೋಯ್ತು’. ಡಾಕ್ಟರಮ್ಮ ಬಂತು, ಆಯಾ ಹೋಯ್ತು, ಮ್ಯಾನೇಜರ್ ಸಾರ್ ಬೈತು. ಇದೆಲ್ಲಿಂದ ಬಂತೆಂದು ಹುಡುಕುವ ಅಗತ್ಯವಿರಲಿಲ್ಲ. ಇಡೀ ಆಸ್ಪತ್ರೆ ಸಿಸ್ಟರ್ ಎದುರಿಗೇ ಅವರನ್ನು ‘ಅದು’ ಎನ್ನುತ್ತಿತ್ತು. ‘ಪಾಪ, ಅದಕ್ಕೆ ತಿಳಿಯಾಕಿಲ್ಲ’, ‘ಅದು ಊಟ ಮಾಡ್ತೋ ಇಲ್ವೋ’. ಕಿವಿಗೆ ಬಿದ್ದದ್ದನ್ನೇ ಅವರು ಎಲ್ಲರಿಗೂ ಸಮನಾಗಿ ಹಂಚುತ್ತಿದ್ದರು, ಮ್ಯಾನೇಜರ್ ಪಾಲಿಗೆ ಅದು ಸರಿಯಾಗಿಯೇ ಇತ್ತು. ನಾನು ತಿದ್ದಲಿಲ್ಲ. “ಹೌದಾ, ಡಾಕ್ಟರಮ್ಮ ಬಂದ್ರಾ? ಯಾವಾಗ ಬಂದ್ರು?” ಎಂದು ಕೇಳುತ್ತಿದ್ದೆ. “ಈಗ ಬಂತು” ಎನ್ನುತ್ತಿದ್ದರು. ಮತ್ತೆ ಅದನ್ನೇ ಬೇರೆ ಮಾತಿನಲ್ಲಿ ಕೇಳುತ್ತಿದ್ದೆ. ಅಜ್ಜಿಗೂ ಈ ಉಪಾಯ ಹೇಳಿಕೊಟ್ಟೆ. ಹೀಗೆ ಎಷ್ಟೋ ಸಲ ಆದಮೇಲೆ ಒಂದು ದಿನ ಕೊಬ್ಬರಿ ಹೆಚ್ಚುತ್ತ, ತಲೆಯೆತ್ತದೆ, “ಡಾಕ್ಟರಮ್ಮ ಇನ್ನೂ ಬರ್ಲಿಲ್ಲ, ಬತ್ತಾರೆ,” ಎಂದರು. ತಾವು ಸರಿಯಾಗಿ ಹೇಳಿದ್ದು ಅವರಿಗೇ ಗೊತ್ತಾಗಲಿಲ್ಲ. ಆಗ ನಾನು ಕೋಣೆಗೆ ಕರೆದುಕೊಂಡು ಹೋಗಿ ಬಂದನು, ಬಂದಳು, ಬಂದರು, ಬಂತು ಎಂದು ಬರೆದು ತೋರಿಸಿದೆ. “ಓ, ಇದಾ,” ಎಂದರು. ಮಗ್ಗಿ ಹೇಳಬೇಕಾಗಿ ಬರಲಿಲ್ಲ.

ದೀಪಾವಳಿ ಹತ್ತಿರವಾದಾಗ ಆ ಮಧ್ಯಾಹ್ನ ಬಂತು. ವಾರ್ಡಿಗೆ ಕಾಫಿ ತಂದಿದ್ದರು. ಬಾಗಿಲ ಪಕ್ಕದ ಮಂಚದಲ್ಲಿ ಬೋರನಕಣಿವೆ ಕಡೆಯ ಒಬ್ಬ ಹೆಣ್ಣುಮಗಳು, ಬೆಳಿಗ್ಗೆಯಷ್ಟೇ ಹೆರಿಗೆಯಾಗಿತ್ತು. ಅವಳ ತಾಯಿ ಲೋಟ ಹಿಡಿದುಕೊಂಡು ಬಂದು ನಮ್ಮ ಅಜ್ಜಿಯ ಪಕ್ಕ ಕೂತು ಮಾತಿಗಿಳಿದಳು. ಸಿಸ್ಟರ್ ನಮಗೆ ಬೆನ್ನು ಹಾಕಿ, ಎರಡು ಮಂಚದಾಚೆ ಒಂದು ಮಗುವಿನ ಜ್ವರ ನೋಡುತ್ತಿದ್ದರು.

“ಹುಳಿಯಾರಿಂದ ಬಸ್ಸೇ ಸಿಗ್ನಿಲ್ಲ ಕಣಜ್ಜಿ, ನಮ್ಮೆಜಮಾನ್ರು ಇನ್ನೂ ದಾರೀಲೇ ಅವ್ರೆ. ತೊಟ್ಲು ಬೇರೆ ತರಿಸ್ಬೇಕು. ಇವಳೋ, ಮಗೀನ್ ಮುಖಾನೂ ನೋಡ್ದಂಗೆ ಮಲಗವ್ಳೆ. ಬಟ್ಟೆ ಮ್ಯಾಲೆ ಬಟ್ಟೆ ಹಾಕ್ತಾನೇ ಇವ್ನಿ, ನಿಲ್ತಾನೇ ಇಲ್ಲ. ಕೈಕಾಲೆಲ್ಲ ತಣ್ಣಗಾಗೈತೆ. ಹೆರಿಗೆ ಆದ್ಮ್ಯಾಲೆ ಅಂಗೇ ಅಲ್ವಾ, ಹೋಗ್ಲಿ ಬುಡು. ಕಾಫಿಗೆ ಸಕ್ಕರೇನೇ ಹಾಕಿಲ್ವಲ್ಲ ಇವ್ರು...”

ಅಜ್ಜಿ ಸಕ್ಕರೆಯ ವಿಷಯಕ್ಕೆ ತಲೆಯಾಡಿಸಿದರು. ನಾನೂ ಆ ಮಾತನ್ನು ಕೇಳಿಸಿಕೊಂಡೆ, ಕೇಳಿಸಿಕೊಂಡು ಬಸ್ಸಿನ ಬಗ್ಗೆಯೇ ಯೋಚಿಸಿದೆ. ಸಿಸ್ಟರ್ ಕೈಯಲ್ಲಿದ್ದದ್ದನ್ನು ಕೆಳಗಿಟ್ಟು ಓಡಿದರು. ಬಾಗಿಲ ಪಕ್ಕದ ಮಂಚದ ಹೊದಿಕೆ ಸರಿಸಿ ನೋಡಿ, ಗಂಟೆಯ ಗುಂಡಿ ಒತ್ತಿ, ಒಂದು ಕೈಯಿಂದ ಹೊಟ್ಟೆಯನ್ನು ಒತ್ತಿ ತಿಕ್ಕುತ್ತ ಕೂಗಿದರು. “ಅವ್ವಾ, ಕಣ್ಣು ಬಿಡು! ನನ್ನ ನೋಡು! ತಲೆ ಸುತ್ತುತ್ತಾ? ಆಯಾ, ಡಾಕ್ಟರಮ್ಮನ್ನ ಕರಿ, ರಕ್ತ ನಿಲ್ತಿಲ್ಲ ಅನ್ನು, ಬೇಗ ಹೋಗು!”

ಡಾಕ್ಟರಮ್ಮ ಬಂದರು, ಸೂಜಿ ಚುಚ್ಚಿದರು, ಬಾಟಲಿ ಏರಿಸಿದರು, ಮಂಚದ ಸುತ್ತ ಪರದೆ ಎಳೆದರು. ನಾವೆಲ್ಲ ಗೋಡೆಗೊರಗಿ ನಿಂತೆವು. ಬಹಳ ಹೊತ್ತಿನ ಮೇಲೆ ಪರದೆ ಸರಿಸಿ ಹೊರಗೆ ಬಂದ ಡಾಕ್ಟರಮ್ಮ, “ಉಳ್ಕೊಂಡ್ಳು. ಇನ್ನು ಸ್ವಲ್ಪ ತಡ ಆಗಿದ್ರೆ ಕಷ್ಟ ಇತ್ತು,” ಎಂದರು. ತಾಯಿ ಕಾಫಿ ಲೋಟವನ್ನು ಇನ್ನೂ ಕೈಯಲ್ಲೇ ಹಿಡಿದಿದ್ದಳು. “ನಾನು ಈಯಮ್ಮಂಗೆ ಹೇಳೇ ಇಲ್ವಲ್ಲ,” ಎಂದು ಮತ್ತೆ ಮತ್ತೆ ಹೇಳಿದಳು. “ಅಜ್ಜಿ ಹತ್ರ ಮಾತಾಡ್ತಿದ್ದೆ. ಈಯಮ್ಮಂಗೆ ನಾನು ಹೇಳೇ ಇಲ್ವಲ್ಲ.”

ನಿಜ. ಅವರಿಗೆ ಯಾರೂ ಹೇಳಿರಲಿಲ್ಲ. ಹೇಳಹೊರಟಿದ್ದರೆ ‘ದರ್ದ್, ದರ್ದ್’ ಎಂದು ಕೈಸನ್ನೆ ಮಾಡುತ್ತಿದ್ದರೇನೋ. ಬೆನ್ನ ಹಿಂದೆ ಬೇರೆ ಯಾರೋ ಇನ್ಯಾರಿಗೋ ಹೇಳಿದ ಮಾತು, ಬಸ್ಸು ತೊಟ್ಟಿಲು ಸಕ್ಕರೆಯ ನಡುವೆ ಬಂದ ಮಾತು, ಅವರ ಕಿವಿಗೆ ನೆಟ್ಟಗೆ ಹೋಗಿತ್ತು. ಅವತ್ತು ಬಸ್ಸಿನಲ್ಲಿ ಕೂತಾಗ ನನಗೆ ಖುಷಿಗಿಂತ ಸಿಟ್ಟೇ ಹೆಚ್ಚಾಗಿತ್ತು. ನಾವು ನಮ್ಮ ಒಳ್ಳೆಯತನವನ್ನು ಬಿಡದೆ ಮುಂದುವರಿಸಿದ್ದರೆ ಆ ಬಾಣಂತಿಯ ಗತಿ ಏನಾಗುತ್ತಿತ್ತು ಎಂದು ದಾರಿಯುದ್ದಕ್ಕೂ ಯೋಚಿಸಿದೆ.

ಇಷ್ಟಾದಮೇಲೆ ಪರೀಕ್ಷೆ ಎಲ್ಲಿಂದ ಎಂದು ನೀವು ಕೇಳಬಹುದು. ಮ್ಯಾನೇಜರ್ ಬಿಡಲಿಲ್ಲ. ನಿಯಮವೆಂದರೆ ನಿಯಮ. ಹಬ್ಬಕ್ಕೆ ಮೊದಲು ಸಿಸ್ಟರನ್ನು ಕೂರಿಸಿ ವಿಭಕ್ತಿ ಪ್ರತ್ಯಯ ಬರೆಸಿದರು. ಅವರು ಅರ್ಧ ಮರೆತಿದ್ದರು, ಉಳಿದರ್ಧವನ್ನು ಅಜ್ಜಿಯ ಬಾಯಲ್ಲಿ ಬರುವಂತೆ ಬರೆದಿದ್ದರು. ಆಮೇಲೆ ಡಾಕ್ಟರಮ್ಮನ ಕೋಣೆಗೆ ನಮ್ಮಿಬ್ಬರನ್ನೂ ಕರೆಸಿದರು. ಡಾಕ್ಟರಮ್ಮ ಮೇಜಿನ ಹಿಂದೆ ಏನೋ ಓದುತ್ತ ಕೂತಿದ್ದರು. ಮ್ಯಾನೇಜರ್ ಉತ್ತರದ ಹಾಳೆಯನ್ನು ಎತ್ತಿ ಹಿಡಿದು ಗಂಭೀರವಾಗಿ ಶುರುಮಾಡಿದರು.

“ಸಿಸ್ಟರ್, ಆಪ್ ಕಾ ಕನ್ನಡಾ ಬಹುತ್ ವೀಕ್ ಹೈ. ಗ್ರಾಮರ್ ಬಿಲ್ಕುಲ್ ನಹೀ ಹೈ. ಐಸಾ ಗಾಂವ್ ಕಾ ಕನ್ನಡಾ ನಹೀ ಚಲೇಗಾ.”

ನಾನು ಎದ್ದು ನಿಂತೆ. ಹಳ್ಳಿಯ ಕನ್ನಡ ನಡೆಯುವುದಿಲ್ಲ ಎಂದು ಹೇಳುವುದಕ್ಕೂ ಹಿಂದಿಯೇ! ಸಿಸ್ಟರ್ ನನ್ನ ಸೆರಗು ಹಿಡಿದು ಕೂರಿಸಿದರು. ಆಮೇಲೆ ಮ್ಯಾನೇಜರ್ ಕಡೆ ತಿರುಗಿ, ನಿಧಾನವಾಗಿ, ಗಂಟಲೆತ್ತದೆ ಹೇಳಿದರು. “ಸಾರ್, ನಿಮ್ಮ ಹಿಂದಿ ನಂಗೆ ತಿಳಿಯಾಕಿಲ್ಲ. ಬೈಯೋದಿದ್ರೆ ಕನ್ನಡದಲ್ಲೇ ಬೈರಿ.”

ಡಾಕ್ಟರಮ್ಮ ಓದುತ್ತಿದ್ದದ್ದನ್ನು ಪಕ್ಕಕ್ಕಿಟ್ಟರು. ನಗು ತಡೆಯಲು ಬಾಯಿಗೆ ಕೈ ಅಡ್ಡ ಹಿಡಿದಿದ್ದರು. “ಸಾಕು ಬಿಡ್ರೀ ಪರೀಕ್ಷೆ,” ಎಂದು ಮ್ಯಾನೇಜರ್ ಕೈಯಿಂದ ಹಾಳೆ ಕಿತ್ತುಕೊಂಡರು. “ನೀನು ಎಲ್ಲಿಗೂ ಹೋಗ್ಬೇಕಾಗಿಲ್ಲಮ್ಮ. ನಾಳೆಯಿಂದ ಹೆರಿಗೆ ಕೋಣೆಗೆ ಬಾ.”

ಸಿಸ್ಟರ್ ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಮ್ಯಾನೇಜರ್ ಕೆಟ್ಟ ಮನುಷ್ಯರಲ್ಲ. ಅವರ ಮುಖವೂ ಅರಳಿತು. ಮುಂದೆ ಬಂದು ಕೈಜೋಡಿಸಿ ತುಂಬು ಮನಸ್ಸಿನಿಂದ ಅಭಿನಂದಿಸಿದರು. “ಬಹುತ್ ಅಚ್ಛಾ ಸಿಸ್ಟರ್! ಬಹುತ್ ಬಹುತ್ ಬಧಾಯೀ!”

ಸಿಸ್ಟರ್ ಮುಖದಿಂದ ಕೈ ತೆಗೆದು ಅವರನ್ನು ನೋಡಿದರು, ನನ್ನನ್ನು ನೋಡಿದರು.

“ಮೇಡಂ,” ಎಂದರು, “ಇವ್ರಿಗೆ ಯಾರು ಪಾಠ ಮಾಡ್ತಾರೆ?”